ವೀಳ್ಯದೆಲೆಯ ಹದ

ಕಾಣಿಯೂರು
೧೧-೨-೧೯೮೪, ಶನಿವಾರ, ನಡು ಕೆಡ್ಡಸ

ಪ್ರೀತಿಯ ಚೆನ್ನು,

ಆರೋಗ್ಯ ಹೇಗಿದೆ ಎಂದು ಕೇಳುವುದು ಕಾಗದದ ಶಾಸ್ತ್ರ. ನಾನು ಶಾಸ್ತ್ರಕ್ಕೆ ಕೇಳುತ್ತಿಲ್ಲ. ಎಡಗಡೆ ಸೊಂಟದಲ್ಲಿ ಗೋಲಿಯಷ್ಟು ದೊಡ್ಡ ಗಂಟು ಎದ್ದಿದೆ ಎಂದು ಬರೆದಿದ್ದೀಯಲ್ಲ, ಅದು ಈಗ ಎಷ್ಟು ದೊಡ್ಡದಾಗಿದೆ? ಮುಟ್ಟಿದರೆ ಬಿಸಿ ಇದೆಯಾ? ಕೂತರೆ ನೋವಾ, ನಡೆದರೂ ನೋವಾ? ಸಂಜೆಗೆ ಚಳಿ ಹಿಡಿಯುತ್ತದಾ? ನಾಲ್ಕಕ್ಕೂ ಬೇರೆಬೇರೆ ಉತ್ತರ ಬೇಕು. ‘ಪರವಾಗಿಲ್ಲ ಅಕ್ಕ’ ಎಂಬ ಉತ್ತರ ನನಗೆ ಬೇಡ, ಅದನ್ನು ದಿನಕ್ಕೆ ನಲವತ್ತು ಜನ ನನ್ನೆದುರು ಕೂತು ಹೇಳುತ್ತಾರೆ, ನಾನು ಒಬ್ಬರನ್ನೂ ನಂಬುವುದಿಲ್ಲ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅವ್ವನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ನಾಲಗೆ ಹತೋಟಿಯಲ್ಲಿಲ್ಲ. ನಾನು ಮೊದಲಿಗಿಂತ ದಪ್ಪಗಾಗಿದ್ದೇನೆ. ಹೆಲ್ತ್ ಸೆಂಟರಿನ ಆಯಾ ಸಫಿಯಮ್ಮ ನನ್ನ ಬಿಳಿ ಸೀರೆಯ ಸೆರಗು ಮೊದಲಿನಷ್ಟು ಉದ್ದ ಬರುವುದಿಲ್ಲ ಎಂದು ಹೇಳಿ ನಗುತ್ತಾಳೆ.

ಇವತ್ತು ಕಾಗದ ಬರೆಯಲು ಪುರುಸೊತ್ತು ಸಿಕ್ಕಿದ್ದು ಕೆಡ್ಡಸದ ಪುಣ್ಯ. ಭೂಮಿ ತಾಯಿ ಮುಟ್ಟಾಗಿ ಕೂತಿದ್ದಾಳೆ, ಮೂರು ದಿನ ಅವಳ ಮೈಗೆ ಹಾರೆ ತಾಗಿಸುವ ಹಾಗಿಲ್ಲ, ಹಸಿ ಸೊಪ್ಪು ಕೊಯ್ಯುವ ಹಾಗಿಲ್ಲ. ಊರಿನ ಗಂಡಸರೆಲ್ಲ ಕೋವಿ ಹಿಡಿದು ಗುಡ್ಡ ಹತ್ತಿದ್ದಾರೆ, ಸಂಜೆ ಬರಿಗೈಯಲ್ಲಿ ಬಂದು ದೊಡ್ಡ ದೊಡ್ಡ ಕಥೆ ಹೇಳುತ್ತಾರೆ. ಅವ್ವ ಹುರಿದ ಅಕ್ಕಿಗೂ ಹುರುಳಿಗೂ ಬೆಲ್ಲ, ಕಾಯಿತುರಿ ಹಾಕಿ ಕುಟ್ಟಿ ಇಟ್ಟಿದ್ದಾಳೆ. ತಾನು ತಿನ್ನುವ ಹಾಗಿಲ್ಲ ಎಂದು ನನಗೆ ಎರಡು ಪಾಲು ತಿನ್ನಿಸುತ್ತಿದ್ದಾಳೆ. ನಾಳೆ ಬೆಳಿಗ್ಗೆ ಹೆಂಗಸರು ಅಂಗಳದಲ್ಲಿ ಎಣ್ಣೆ, ಸೀಗೆ, ಅರಸಿನ ಇಟ್ಟು ಭೂಮಿಯನ್ನು ಮೀಯಿಸುವುದು. ನಿನಗೆ ನೆನಪಿರದೆ ಉಂಟೇ. ನಿನಗೆ ಎಂಟು ವರ್ಷ ಆಗಿದ್ದಾಗ ಎಣ್ಣೆಯ ಗಿಂಡಿ ಹಿಡಿದು ನನ್ನ ಹಿಂದೆಯೇ ಅಂಗಳಕ್ಕೆ ಇಳಿದಿದ್ದೆ. ಮೇದಪ್ಪ ದೊಡ್ಡಪ್ಪ ‘ಗಂಡು ಹೈದನಿಗೆ ಇಲ್ಲಿ ಎಂತ ಕೆಲಸ’ ಎಂದು ಗದರಿಸಿ ಗಿಂಡಿ ಕಿತ್ತುಕೊಂಡಿದ್ದರು. ನೀನು ದನದ ಹಟ್ಟಿಯ ಹಿಂದೆ ಕೂತು ಮಧ್ಯಾಹ್ನದವರೆಗೆ ಅತ್ತಿದ್ದೆ. ಎಣ್ಣೆ ಚೆಲ್ಲಿತಲ್ಲ ಎಂದು ಅಳುತ್ತಿದ್ದೀಯೆಂದು ನಾನು ಅಂದುಕೊಂಡಿದ್ದೆ. ನನ್ನ ಬುದ್ಧಿ ಆಗಲೂ ಅಷ್ಟೇ ಇತ್ತು.

ನಾಲ್ಕು ವರ್ಷದ ಮೇಲೆ ಬಂದ ನಿನ್ನ ಕಾಗದವನ್ನು ನಾನು ಹೆಲ್ತ್ ಸೆಂಟರಿನ ಔಷಧಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೂರು ಸಲ ಓದಿದೆ. ಮೊದಲ ಸಲ ಅಕ್ಕನಾಗಿ ಓದಿದೆ, ಅತ್ತುಬಿಟ್ಟೆ. ಬೊಂಬಾಯಿಯಲ್ಲಿ ರವಿಕೆ ಹೊಲಿಯುವ ಅಂಗಡಿಯಲ್ಲಿ ಕೆಲಸ, ಸೀರೆಯೇ ಉಡುವುದು, ನಿನ್ನ ಹಾಗೆಯೇ ಇರುವ ಇನ್ನು ಮೂವರ ಜೊತೆ ಒಂದು ಕೋಣೆ, ಈಗ ಚೆನ್ನಕೇಶವ ಎಂದು ಕರೆದರೆ ತಿರುಗಿ ನೋಡುವುದೂ ಇಲ್ಲ, ಹೆಸರು ಚೆನ್ನಮ್ಮ ಎಂದು ಬರೆದಿದ್ದೀಯ. ಹೆಸರು ಹುಡುಕಲು ನೀನು ದೂರ ಹೋಗಲಿಲ್ಲ, ನಮ್ಮ ಅಜ್ಜಿಯ ಹೆಸರನ್ನೇ ಎತ್ತಿಕೊಂಡೆ. ಅಜ್ಜಿ ಇದ್ದಿದ್ದರೆ ಒಂದು ಬೈದು, ಆಮೇಲೆ ಕಿವಿಯೋಲೆ ಬಿಚ್ಚಿ ಕೊಡುತ್ತಿದ್ದಳು. ಎರಡನೆಯ ಸಲ ನರ್ಸಮ್ಮನಾಗಿ ಓದಿದೆ, ಮೈಯೆಲ್ಲ ಬೆವರಿತು. ಮೈ ಹೆಣ್ಣಿನ ಹಾಗೆ ಮೆತ್ತಗಾಗಲೆಂದು ಹಾರ್ಮೋನಿನ ಸೂಜಿ ಹಾಕಿಸಿಕೊಳ್ಳುತ್ತಿದ್ದೀರಂತೆ. ಅಂಗಡಿಯ ಮದ್ದು ಅಲ್ಲ, ಯಾವುದೋ ಮದ್ದಿನ ಕಾರ್ಖಾನೆಯಲ್ಲಿ ಇದ್ದೆ ಎಂದು ಹೇಳಿಕೊಳ್ಳುವ ಒಬ್ಬ ಕೋಣೆಗೇ ಬಂದು ಮಾತ್ರೆ ಅರೆದು ಎಣ್ಣೆಯಲ್ಲಿ ಕಲಸಿ ಹಳೆಯ ಕುಪ್ಪಿಗೆ ತುಂಬಿಸುತ್ತಾನಂತೆ. ಎಣ್ಣೆ ಕಾಯಿಸುವುದೂ ಸಿರಿಂಜು ಕುದಿಸುವುದೂ ನಿನ್ನ ಜವಾಬ್ದಾರಿಯಂತೆ, ಏಕೆಂದರೆ ನಿನ್ನ ಅಕ್ಕ ನರ್ಸ್. ಈಗ ನಿನ್ನ ಸೊಂಟದಲ್ಲಿ ಗಂಟು, ಗೆಳತಿ ರುಕಿಯಾಳ ಸೊಂಟ ಕೆಂಪಾಗಿ ಬಾತು ಎರಡು ದಿನದ ಜ್ವರ. ‘ಅಕ್ಕ, ಸಿರಿಂಜು ನೀನು ಹೇಳಿಕೊಟ್ಟ ಹಾಗೆಯೇ ಕುದಿಸಿದ್ದೇನೆ, ಎಣ್ಣೆಯನ್ನು ಇನ್ನೂ ಎಷ್ಟು ಹೊತ್ತು ಕಾಯಿಸಬೇಕು ತಿಳಿಸು’ ಎಂದು ಕೇಳಿದ್ದೀಯ. ಮೂರನೆಯ ಸಲ ಓದುವಾಗ ನಾನು ಅಕ್ಕನೂ ಅಲ್ಲ, ನರ್ಸಮ್ಮನೂ ಅಲ್ಲ. ಕೈಗೆ ಸಿಕ್ಕಿದರೆ ಕಪಾಳಕ್ಕೆ ಎರಡು ಬಾರಿಸಬೇಕು ಎಂದು ಕಾಣುತ್ತಿತ್ತು, ಅಷ್ಟೆ.

ಕಾಗದ ಬರೆಯುವುದರಲ್ಲಿ ಒಂದು ಸುಖ ಇದೆ ಚೆನ್ನು. ‘ನೀನು’ ಎಂದರೆ ಆಯಿತು. ಆ ಮಾತಿಗೆ ಗಂಡು ಹೆಣ್ಣು ಎಂಬ ಭೇದವೇ ಇಲ್ಲ. ಚೆನ್ನು ಎಂಬ ಮನೆಯ ಹೆಸರಿಗೂ ಇಲ್ಲ. ತೊಂದರೆ ಬರುವುದು ಅವ್ವನ ಹತ್ತಿರ ನಿನ್ನ ಸುದ್ದಿ ಹೇಳುವಾಗ. ನಮ್ಮ ಮನೆಮಾತಿನಲ್ಲಿ ಗಂಡಾದರೆ ಅವ ಬಂದ, ಹೆಣ್ಣಾದರೆ ಅದು ಬಂತು. ಶಾಲೆಯಲ್ಲಿ ನಾನು ‘ಅಕ್ಕ ಬಂತು, ಅತ್ತೆ ಹೋಯಿತು’ ಎಂದು ಬರೆದು ಮಾಷ್ಟ್ರ ಕೈಯಲ್ಲಿ ಪೆಟ್ಟು ತಿಂದದ್ದು ನಿನಗೆ ಗೊತ್ತಿದೆ, ದನಕ್ಕೂ ಅಕ್ಕನಿಗೂ ವ್ಯತ್ಯಾಸ ಇಲ್ಲವೇ ಎಂದು ಅವರು ಕೇಳಿದ್ದರು. ಈಗ ಅವ್ವನೆದುರು ಕೂತು ಅವ ಎಂದು ಹೇಳಲು ನಿನ್ನ ಕಾಗದ ಬಿಡುವುದಿಲ್ಲ, ಅದು ಎಂದು ಹೇಳಲು ನನಗೇ ಧೈರ್ಯ ಸಾಲದು. ಹಾಗಾಗಿ ಮೊದಲ ದಿನ ‘ಬೊಂಬಾಯಿಯಿಂದ ಕಾಗದ ಬಂದಿದೆ, ಬೊಂಬಾಯಿಯಲ್ಲಿ ಕ್ಷೇಮ’ ಎಂದು ಊರಿನ ಹೆಸರು ಹೇಳಿ ತಪ್ಪಿಸಿಕೊಂಡೆ. ಲಕೋಟೆಯ ಮೇಲೆ ಮಾತ್ರ ನೀನು ಹೇಳಿದ ಹೆಸರನ್ನೇ ಬರೆದಿದ್ದೇನೆ, ಕುಮಾರಿ ಚೆನ್ನಮ್ಮ ಎಂದು. ನನ್ನ ಹೆಸರಿನ ಹಿಂದೆಯೂ ಮೂವತ್ತಾರು ವರ್ಷದಿಂದ ಕುಮಾರಿ ಅಂಟಿಕೊಂಡೇ ಇದೆ. ಒಂದೇ ಮನೆಗೆ ಇಬ್ಬರು ಕುಮಾರಿಯರು, ಮದುವೆ ದಲ್ಲಾಳಿಗಳಿಗೆ ಒಳ್ಳೆಯ ಸುದ್ದಿ.

ಕಾಗದ ಓದಿದ ಬುಧವಾರವೇ ರಜೆ ಬರೆದುಕೊಟ್ಟು ಪುತ್ತೂರಿನ ಬಸ್ಸು ಹತ್ತಿದೆ. ಮೊದಲು ತಂತಿ ಕಚೇರಿ. ಕಾಗದ ತಲುಪಲು ಐದು ದಿನ, ರುಕಿಯಾಳ ಜ್ವರ ಐದು ದಿನ ಕಾಯುವುದಿಲ್ಲ. ‘ಎಣ್ಣೆ ನಿಲ್ಲಿಸು, ರುಕಿಯಾಳನ್ನು ಈ ದಿನವೇ ಆಸ್ಪತ್ರೆಗೆ ಸೇರಿಸು, ಕುಮುದಿನಿ’ ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಆ ಗುಮಾಸ್ತ ಕನ್ನಡಕ ಏರಿಸಿ ಓದಿ, ದನಿ ತಗ್ಗಿಸಿ, ‘ಬೊಂಬಾಯಿಲಿ ತೆಂಗಿನೆಣ್ಣೆಗೆ ರೇಟು ಬಿದ್ದಿದಾ ಅಕ್ಕಾ?’ ಎಂದು ಕೇಳಿದ. ಅವನ ಭಾವನದ್ದು ಎಣ್ಣೆ ಗಾಣ ಅಂತೆ. ನಾನು ಹೌದು, ಈ ಎಣ್ಣೆ ಪೂರಾ ಬಿದ್ದಿದೆ, ಯಾರೂ ಮುಟ್ಟುವ ಹಾಗಿಲ್ಲ ಎಂದು ಹೇಳಿ ಬಂದೆ. ನಾನು ಈಗ ಎಣ್ಣೆ ವ್ಯಾಪಾರಕ್ಕೆ ಇಳಿದಿದ್ದೇನೆ ಎಂಬ ಸುದ್ದಿ ಪುತ್ತೂರಿನಿಂದ ಕಡಬದವರೆಗೆ ಹಬ್ಬಿದೆ. ನಿನ್ನೆ ನಿನ್ನ ಮರುತಂತಿ ಬಂತು, ರುಕಿಯಾ ಆಸ್ಪತ್ರೆಯಲ್ಲಿದ್ದಾಳೆ, ಬಾವು ಕೊಯ್ದು ಕೀವು ತೆಗೆದರು, ಜ್ವರ ಇಳಿದಿದೆ ಎಂದು. ಸಫಿಯಮ್ಮ ಮತ್ತು ನಾನು ಔಷಧಿ ಕೋಣೆಯಲ್ಲೇ ಬೆಲ್ಲ ತಿಂದೆವು. ಆಮೇಲೆ ತಂತಿಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ನಿನ್ನ ಗಂಟಿನ ಬಗ್ಗೆ ಒಂದು ಪದ ಇಲ್ಲ. ಉಳಿದ ಎಣ್ಣೆಯನ್ನು ಚೆಲ್ಲಿದೆಯೋ ಇಲ್ಲವೋ ಎಂಬ ಪದವೂ ಇಲ್ಲ. ಊರಿಗೆ ಉಪಕಾರಿ ಎಂಬ ಗಾದೆಯ ಉಳಿದರ್ಧ ನನಗೆ ಗೊತ್ತಿದೆ. ಅದಕ್ಕೇ ಈ ಉದ್ದದ ಕಾಗದ.

ಈಗ ಬೈಗಳಿಗೆ ಬರುತ್ತೇನೆ. ಎಣ್ಣೆ ಶುದ್ಧವಾಯಿತು ಎಂದು ನಿನಗೆ ಹೇಗೆ ಗೊತ್ತಾಗುತ್ತಿತ್ತು ಎಂದು ನೀನು ಭಾರಿ ಹೆಮ್ಮೆಯಿಂದ ಬರೆದಿದ್ದೀಯ. ಅವ್ವ ಮಾಡುವ ಹಾಗೆ ಒಂದು ವೀಳ್ಯದೆಲೆ ಹರಿದು ಹಾಕುವುದು, ಚಟಪಟ ಎನ್ನುತ್ತದೆ, ಸದ್ದು ನಿಂತು ಎಲೆ ಗರಿಗರಿಯಾದರೆ ನೀರಿನಂಶ ಹೋಯಿತು, ಹದ ಬಂತು, ಇಳಿಸಿ ಸೋಸುವುದು. ಓದಿ ನನಗೆ ನಗು ಬಂತು, ನಕ್ಕದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ಚೆನ್ನು, ಅದು ಅವ್ವ ತಲೆಗೆ ಹಚ್ಚುವ ಎಣ್ಣೆಗೆ ನೋಡುವ ಹದ. ತಲೆಯ ಎಣ್ಣೆ ಕೂದಲಿನ ಮೇಲೆ ಕೂತಿರುತ್ತದೆ, ಒಳಗೆ ಹೋಗುವುದಿಲ್ಲ. ಸೂಜಿ ಎಂದರೆ ಮನೆಯ ಎಲ್ಲ ಬಾಗಿಲು ದಾಟಿಸಿ ನೇರ ಒಳಕೋಣೆಗೆ ಕರೆದುಕೊಂಡು ಹೋದ ಹಾಗೆ. ಅಲ್ಲಿಗೆ ಹೋಗುವುದನ್ನು ವೀಳ್ಯದೆಲೆ ಕೇಳಿ ತೀರ್ಮಾನ ಮಾಡುವುದಾ? ಆ ಎಲೆಯನ್ನು ಯಾವ ಕೈ ಕೊಯ್ದಿತು, ಯಾವ ಬುಟ್ಟಿಯಲ್ಲಿ ಬಂತು, ಯಾವ ನೀರು ಚಿಮುಕಿಸಿ ಅಂಗಡಿಯವನು ಇಟ್ಟಿದ್ದ? ಬೊಂಬಾಯಿಗೆ ಹೋದರೂ ಅವ್ವನ ಒಲೆ ಬಿಡಲಿಲ್ಲವಲ್ಲ ಎಂದು ಒಂದು ಮನಸ್ಸಿಗೆ ಸಂತೋಷವೂ ಆಯಿತು, ಸುಳ್ಳು ಹೇಳುವುದಿಲ್ಲ.

ನಿನ್ನನ್ನು ಮಾತ್ರ ಬೈಯುವುದು ನ್ಯಾಯವಲ್ಲ, ನಾನೂ ಇದೇ ಎಣ್ಣೆಯಲ್ಲಿ ಜಾರಿ ಬಿದ್ದವಳು. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ, ನಿನ್ನೆದುರು ನಾನು ತಪ್ಪೇ ಮಾಡದ ಅಕ್ಕನಾಗಿರಬೇಕು ಎಂಬ ಜಂಬ ಇತ್ತು. ಎಪ್ಪತ್ತನಾಲ್ಕರಲ್ಲಿ ನನಗೆ ರಾಮಕುಂಜದ ಕಡೆ ಮೊದಲ ಕೆಲಸ. ಅಲ್ಲಿ ಜೈನಬಮ್ಮ ಎಂಬ ಹೆಂಗಸಿಗೆ ಮೂರು ಬಸಿರು ನಿಂತಿರಲಿಲ್ಲ, ನಾಲ್ಕನೆಯದು ನಿಲ್ಲಲಿ ಎಂದು ಡಾಕ್ಟರು ವಾರಕ್ಕೊಂದು ಹಾರ್ಮೋನಿನ ಸೂಜಿ ಬರೆದಿದ್ದರು. ಅದೂ ಎಣ್ಣೆಯ ಮದ್ದೇ, ಆದರೆ ಕಂಪೆನಿಯಿಂದ ಬಾಯಿ ಬೆಸೆದು ಬಂದ ಗಾಜಿನದ್ದು. ಒಂದು ದಿನ ನಾನು ಅವಸರದಲ್ಲಿ ಸಿರಿಂಜಿನ ಕೊಳವೆಯನ್ನೂ ದಂಡನ್ನೂ ಬೇರೆ ಮಾಡದೆ ಒಟ್ಟಿಗೇ ಕುದಿಸಿದೆ, ದಂಡು ಒಳಗೆ ಕಚ್ಚಿಕೊಂಡಿತು. ಜೈನಬಮ್ಮ ಮೂರು ಮೈಲು ನಡೆದು ಬಂದು ಕೂತಿದ್ದಾಳೆ. ಮದ್ದೇ ಎಣ್ಣೆ, ಎಣ್ಣೆಗೆ ಎಣ್ಣೆ ಸೇರಿದರೆ ಎಂತ ಆಗುತ್ತದೆ ಎಂದುಕೊಂಡು ಒಂದು ಚಮಚ ತೆಂಗಿನೆಣ್ಣೆಯನ್ನು ಹೊಗೆ ಬರುವವರೆಗೆ ಕಾಯಿಸಿ, ಆರಿಸಿ, ಎರಡು ಹನಿ ಬಿಟ್ಟು ದಂಡು ಸಡಿಲಿಸಿದೆ. ಚೆನ್ನಾಗಿ ಜಾರಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಎಂಟು ದಿನಕ್ಕೆ ಅವಳನ್ನು ಕುರ್ಚಿಯಲ್ಲಿ ಹೊತ್ತು ತಂದರು. ಬಾವು ಕೊಯ್ದಾಗ ಅರ್ಧ ಗಿಂಡಿ ಕೀವು ಬಂತು, ಜ್ವರಕ್ಕೆ ಹೊಟ್ಟೆಯ ಮಗು ಉಳಿಯುವುದು ದೇವರ ಕೈಯಲ್ಲಿ ಎಂದರು. ಆ ಹತ್ತು ದಿನ ನಾನು ಅನ್ನ ನುಂಗಿದ್ದು ನೆನಪಿಲ್ಲ. ಮಗು ಉಳಿಯಿತು, ಈಗ ನಾಲ್ಕನೆಯ ಕ್ಲಾಸು. ಜೈನಬಮ್ಮ ಈಗಲೂ ಕಂಡಲ್ಲೆಲ್ಲ ಸೊಂಟ ತಟ್ಟಿ ‘ಇಲ್ಲಿ ಒಂದು ಗುಂಡಿ ಉಂಟು, ನಿನ್ನದೇ ಹೆಸರು ಅದಕ್ಕೆ’ ಎನ್ನುತ್ತಾಳೆ. ಅವಳು ನಗುತ್ತಾಳೆ, ನಾನೂ ನಗುತ್ತೇನೆ, ಮನೆಗೆ ಬಂದು ಆ ದಿನ ಸಿರಿಂಜನ್ನು ಎರಡು ಸಲ ಕುದಿಸುತ್ತೇನೆ.

ತಂತಿ ಕೊಟ್ಟ ಮೇಲೆ ನಾನು ಹೋದದ್ದು ಜೈನಬಮ್ಮನ ಬಾವು ಕೊಯ್ದ ಅದೇ ಡಾಕ್ಟರ ಹತ್ತಿರ. ಡಾಕ್ಟರ್ ಕೃಷ್ಣಮೋಹನರು ಈಗ ಪುತ್ತೂರಿನಲ್ಲಿ ಸ್ವಂತ ಕ್ಲಿನಿಕ್ ಇಟ್ಟಿದ್ದಾರೆ. ಹೊರಗಿನ ಜನ ಕರಗುವವರೆಗೆ ಕಾದು ಒಳಗೆ ಹೋಗಿ, ‘ನನ್ನ ತಮ್ಮ’ ಎಂದು ಶುರು ಮಾಡಿ ನಿಲ್ಲಿಸಿದೆ, ‘ತಂಗಿ’ ಎಂದೆ, ಮತ್ತೆ ನಿಲ್ಲಿಸಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಮುಖ ಒಂದು ಸಲವೂ ಹುಳಿ ಮಾಡಲಿಲ್ಲ. ನಾನು ನಿನ್ನದೇ ಪ್ರಶ್ನೆ ಕೇಳಿದೆ, ಎಣ್ಣೆ ಎಷ್ಟು ಕಾಯಿಸಿದರೆ ಸಾಕು ಎಂದು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ನೀನೂ ಹಾಗೆಯೇ ನೆನಪಿಡು. ‘ಸಿಸ್ಟರೇ, ನೀರಲ್ಲಿ ಸಾಯುವ ಹುಳ ಎಣ್ಣೆಲಿ ಕಂಬಳಿ ಹೊದ್ದು ಮಲಗ್ತದೆ. ಮನೆ ಒಲೆಲಿ ಅದನ್ನು ಎಬ್ಬಿಸಿ ಕೊಲ್ಲುದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.’ ಅದೂ ಅಲ್ಲದೆ ಹುಳ ಸತ್ತರೂ ಮುಗಿಯುವುದಿಲ್ಲ, ಅರೆದ ಮಾತ್ರೆಯಲ್ಲಿ ಸುಣ್ಣ, ಹಿಟ್ಟು, ಬಣ್ಣ ಎಲ್ಲ ಇರುತ್ತದೆ, ಸೂಜಿಗೆ ಹೋಗಲು ಮಾಡಿದ್ದಲ್ಲ, ಎಷ್ಟು ಮದ್ದು ಹೋಯಿತು ಎಂಬ ಅಳತೆಯೂ ಇಲ್ಲ, ರಕ್ತ ಹೆಪ್ಪುಗಟ್ಟಿದರೆ ಯಾರು ನೋಡುವವರು ಎಂದು ಕೇಳಿದರು. ಹಾಗಾಗಿ ನಿನ್ನ ಪ್ರಶ್ನೆಗೆ ನನ್ನ ಉತ್ತರವೂ ಇದೇ. ಎಷ್ಟು ಹೊತ್ತು ಎಂಬ ಲೆಕ್ಕವೇ ಇಲ್ಲ. ಕೋಣೆಯಲ್ಲಿ ಕಲಸಿದ ಎಣ್ಣೆಯನ್ನು ಚೆಲ್ಲುವುದೊಂದೇ ಅದರ ಹದ.

ಏಳುವಾಗ ನಾನು ಕೇಳಬೇಕಾಗಿದ್ದ ಇನ್ನೊಂದನ್ನು ಕೇಳಿದೆ, ಇದನ್ನೆಲ್ಲ ಬಿಟ್ಟುಬಿಡು ಎಂದು ಬರೆಯಲಾ ಎಂದು. ಡಾಕ್ಟರು, ‘ಬರೆದರೆ ಬಿಡ್ತದಾ? ನಾಲ್ಕು ವರ್ಷ ಮನೆ ಬಿಟ್ಟದ್ದು ಇದಕ್ಕೇ ಅಲ್ವಾ’ ಎಂದರು. ಬಿಡಿಸುವುದಕ್ಕಿಂತ ಡಾಕ್ಟರ ಕಣ್ಣೆದುರು ಮಾಡಿಸುವುದು ಒಳ್ಳೆಯದು ಎಂದು ಹೇಳಿ, ಅವರ ಜೊತೆ ಓದಿದ ಒಬ್ಬರು ಬೊಂಬಾಯಿಯ ದೊಡ್ಡ ಆಸ್ಪತ್ರೆಯಲ್ಲಿ ಇದೇ ಹಾರ್ಮೋನಿನ ವಿಭಾಗದಲ್ಲಿ ಇದ್ದಾರೆಂದು ಚೀಟಿ ಬರೆದುಕೊಟ್ಟರು. ಚೀಟಿ ಇದರ ಜೊತೆ ಇಟ್ಟಿದ್ದೇನೆ. ಬಾಗಿಲವರೆಗೆ ಬಂದು ಮತ್ತೊಂದು ಮಾತು ಹೇಳಿದರು, ‘ನಿಮ್ಮ ಅವ್ವನಿಗೆ ದಿನಾ ಕೊಡುದು ಇನ್ಸುಲಿನ್ ಅಲ್ವಾ ಸಿಸ್ಟರ್? ಅದೂ ಹಾರ್ಮೋನೇ.’ ಹತ್ತು ವರ್ಷದಿಂದ ಊರಿಗೆಲ್ಲ ಸೂಜಿ ಚುಚ್ಚುತ್ತಿದ್ದೇನೆ, ಪುಸ್ತಕದಲ್ಲಿ ಓದಿಯೂ ಇದ್ದೇನೆ, ಒಮ್ಮೆಯೂ ಹಾಗೆ ಕೂಡಿಸಿ ನೋಡಿರಲಿಲ್ಲ. ಬಸ್ಸಿನಲ್ಲಿ ಸವಣೂರು ದಾಟುವವರೆಗೂ ಅದನ್ನೇ ಯೋಚಿಸಿದೆ.

ಅವ್ವನ ಸೂಜಿಯ ವಿಷಯ ಹೇಳಲೇಬೇಕು. ನೀನು ಹೋದ ಮೇಲೆ ಅವ್ವ ನಿನ್ನ ಮಾತು ಎತ್ತಿದ್ದು ಸೂಜಿಯ ಹೊತ್ತಿನಲ್ಲಿ ಮಾತ್ರ. ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆ ಶುರುವಾಗುವಾಗ ನೀರು ಕುದಿಯಬೇಕು, ವಾರ್ತೆ ಮುಗಿಯುವವರೆಗೆ ಸಿರಿಂಜು ಅದರಲ್ಲಿ ಇರಬೇಕು ಎಂಬ ನೇಮ ನೀನೇ ಮಾಡಿದ್ದು. ಗಾಜು ಒಡೆಯಬಾರದೆಂದು ಡಬ್ಬಿಯ ತಳಕ್ಕೆ ಬಿಳಿ ಬಟ್ಟೆಯ ಮಡಿಕೆ ಹಾಕುತ್ತಿದ್ದದ್ದೂ ನೀನೇ. ಈಗಲೂ ಅದೇ ಡಬ್ಬಿ, ಅದೇ ವಾರ್ತೆ. ಇನ್ಸುಲಿನ್ ಕುಪ್ಪಿ ಈಗಲೂ ಒದ್ದೆ ಮರಳಿನ ಮಡಕೆಯಲ್ಲೇ. ಬದಲಾದದ್ದು ಕೈ ಒಂದೇ. ನಾನು ಊರಿಗೆಲ್ಲ ಸೂಜಿ ಕೊಡುವ ನರ್ಸಮ್ಮ, ಅವ್ವ ಮಾತ್ರ ದಿನವೂ ‘ನೀನು ಚುಚ್ಚುದಾ, ಗೂಟ ಹೊಡಿಯುದಾ? ಅವನ ಕೈ ಹಗುರ ಇತ್ತು’ ಎನ್ನುತ್ತಾಳೆ. ನಾಲ್ಕು ವರ್ಷ ದಿನಕ್ಕೊಂದು ಸಲ ಇದನ್ನು ಕೇಳಿಸಿಕೊಂಡದ್ದಕ್ಕೆ ನನಗೆ ಸರಕಾರ ಬಡ್ತಿ ಕೊಡಬೇಕು.

ಗುರುವಾರ ಬೆಳಿಗ್ಗೆ ಸೂಜಿ ಕೊಟ್ಟು ಅವ್ವನ ಹತ್ತಿರವೇ ಕೂತು ನಿನ್ನ ಕಾಗದ ಓದಿ ಹೇಳಿದೆ. ಬಿಡದೆ ಓದಿದೆ, ಸೀರೆಯನ್ನೂ ಹೆಸರನ್ನೂ ಸೂಜಿಯನ್ನೂ. ಅವ್ವನ ಮುಖ ನೋಡುವ ಧೈರ್ಯ ಇರಲಿಲ್ಲ, ಕಾಗದವನ್ನೇ ನೋಡುತ್ತಿದ್ದೆ. ವೀಳ್ಯದೆಲೆಯ ಕಡೆಗೆ ಬಂದಾಗ ಅವಳಿಗೆ ನಗು ಬಂತು ಎಂದು ಕಾಣುತ್ತದೆ, ಕೆಮ್ಮಿದಳು. ಡಾಕ್ಟರು ಹೇಳಿದ್ದನ್ನು ಹೇಳಿದೆ, ಇನ್ಸುಲಿನ್ ಎಂಬುದು ಮೈ ತಾನೇ ಮಾಡಬೇಕಾದ ಒಂದು ರಸ, ಅವ್ವಾ, ನಿನ್ನ ಮೈ ಮಾಡುವುದಿಲ್ಲ, ಅದಕ್ಕೆ ಹೊರಗಿನಿಂದ ಹಾಕುವುದು, ಬೊಂಬಾಯಿಯದ್ದೂ ಅಂಥದೇ ಒಂದು ರಸ ಎಂದು. ಅವ್ವ ಎದ್ದು ಮರಳಿನ ಮಡಕೆಯಿಂದ ಕುಪ್ಪಿ ತೆಗೆದು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ‘ಮೈಯಲ್ಲಿ ಇಲ್ಲದ್ದನ್ನು ಸೂಜಿಲಿ ಹಾಕಿಸಿಕೊಳ್ಳುದು ನಾನೂ ಅಲ್ವಾ’ ಎಂದಳು. ಮತ್ತೆ ಕುಪ್ಪಿಯನ್ನು ಅದರ ಜಾಗದಲ್ಲಿಟ್ಟು ಮರಳಿಗೆ ನೀರು ಚಿಮುಕಿಸಿ ಹಟ್ಟಿಗೆ ಹೋದಳು. ಅವಳು ಅತ್ತಿದ್ದರೆ ನನಗೆ ಸಮಾಧಾನ ಮಾಡಲು ಗೊತ್ತಿತ್ತು.

ಇನ್ನು ನಾನು ಹೇಳಿದ್ದನ್ನು ಮಾಡು. ಡಾಕ್ಟರ ಚೀಟಿ ಹಿಡಿದು ಈ ಕಾಗದ ಸಿಕ್ಕಿದ ದಿನವೇ ಹೋಗು, ಸೊಂಟದ ಗಂಟು ತೋರಿಸು, ನಾಚಿಕೆ ಪಡಬೇಡ. ಡಾಕ್ಟರ ಎದುರು ನಾಚುವವರು ಅರ್ಧ ಸುದ್ದಿ ಹೇಳಿ ಪೂರ್ತಿ ಕಾಯಿಲೆ ಮನೆಗೆ ತರುತ್ತಾರೆ. ಎಷ್ಟು ಸಲ ಹಾಕಿಸಿಕೊಂಡೆ, ಎಷ್ಟು ದಿನದಿಂದ ಎಂದು ಸರಿಯಾಗಿ ಹೇಳು. ಕೋಣೆಯಲ್ಲಿ ಉಳಿದವರು ಯಾರಿಗೆ ನೋವಿದ್ದರೂ ಎಳೆದುಕೊಂಡು ಹೋಗು. ಆ ಕಾರ್ಖಾನೆಯವನು ಮತ್ತೆ ಬಂದರೆ, ನನ್ನ ಅಕ್ಕ ಸರಕಾರಿ ನರ್ಸ್, ನಿನ್ನ ಸೊಂಟಕ್ಕೆ ನಿನ್ನದೇ ಎಣ್ಣೆ ಮೊದಲು ಚುಚ್ಚುತ್ತಾಳಂತೆ ಎಂದು ಹೇಳು. ರುಕಿಯಾಳ ಬಾವಿಗೆ ನೀನೇ ಕಾರಣ ಎಂದು ತಲೆ ಕೆಡಿಸಿಕೊಂಡು ಕೂರಬೇಡ, ಅವಳ ಹತ್ತಿರ ತಪ್ಪಾಯಿತು ಎಂದು ಒಂದು ಸಲ ಬಾಯಿ ಬಿಟ್ಟು ಹೇಳು, ಆಮೇಲೆ ಅವಳ ಗಾಯಕ್ಕೆ ದಿನವೂ ಬಟ್ಟೆ ಕಟ್ಟಿಸಲು ಜೊತೆಗೆ ಹೋಗು. ನಾನು ಜೈನಬಮ್ಮನಿಗೆ ಮಾಡಿದ್ದೂ ಅಷ್ಟೇ. ಅವಳ ಮಗುವಿಗೆ ನನ್ನ ಹೆಸರೇ ಇಡಬೇಕೆಂದು ಅವಳ ಗಂಡನಿಗೆ ಇತ್ತಂತೆ, ಅವರ ಮನೆಯಲ್ಲಿ ಕುಮುದಿನಿ ಎಂದು ಇಡಲು ಆಗುವುದಿಲ್ಲವಲ್ಲ, ಬಿಟ್ಟರು.

ಹಳೆಯ ಕುದಿಸುವ ಡಬ್ಬಿಯನ್ನು ಪಾರ್ಸೆಲ್ ಮಾಡಿ ಕಳಿಸು ಎಂದು ಕೇಳಿದ್ದೀಯ. ಕಳಿಸುವುದಿಲ್ಲ. ಆ ಡಬ್ಬಿಗೆ ಇಲ್ಲಿ ಕೆಲಸ ಇದೆ. ಬೇಕಿದ್ದರೆ ಬಂದು ಕುದಿಸು. ದೊಡ್ಡಪ್ಪ ಅಂಗಳದಲ್ಲಿ ನಿಂತು ಇನ್ನು ಈ ಮೆಟ್ಟಿಲು ಹತ್ತಬೇಡ ಎಂದದ್ದು ನಿನ್ನ ಕಿವಿಯಲ್ಲಿ ಇರಬಹುದು, ನನ್ನ ಕಿವಿಯಲ್ಲೂ ಇದೆ. ಆದರೆ ಮೆಟ್ಟಿಲು ಗುಡಿಸುವವರು ನಾನು ಮತ್ತು ಅವ್ವ. ಬರುವುದಾದರೆ ಹೇಗಿದ್ದೀಯೋ ಹಾಗೆಯೇ ಬಾ, ಬಸ್ಸಿನಿಂದ ಇಳಿಯುವಾಗ ಸೆರಗು ಸರಿ ಮಾಡಿಕೊಂಡರೆ ಸಾಕು. ಊರು ಎರಡು ದಿನ ಮಾತಾಡುತ್ತದೆ, ಮೂರನೆಯ ದಿನ ಯಾರದ್ದಾದರೂ ದನ ಬೇರೆಯವರ ಗದ್ದೆಗೆ ನುಗ್ಗುತ್ತದೆ, ಮಾತು ಅಲ್ಲಿಗೆ ಹೋಗುತ್ತದೆ.

ನಿನ್ನ ಮೈ ಬೇಗ ಗುಣವಾಗಲಿ, ರುಕಿಯಾಳ ಗಾಯ ಒಣಗಲಿ, ನಿನ್ನ ಹೊಲಿಗೆಯ ಸೂಜಿಗೆ ಕೆಲಸ ಹೆಚ್ಚಲಿ, ಮತ್ತೊಂದು ಸೂಜಿ ಡಾಕ್ಟರ ಕೈಯಲ್ಲೇ ಇರಲಿ. ರುಕಿಯಾಳಿಗೂ ಉಳಿದಿಬ್ಬರಿಗೂ ನನ್ನ ನೆನಪು ಹೇಳು. ಸಫಿಯಮ್ಮ ನಿನಗೆ ಸಲಾಂ ಹೇಳಿದ್ದಾಳೆ. ಅವಳಿಗೆ ಎಲ್ಲ ಗೊತ್ತು, ಔಷಧಿ ಕೋಣೆಯ ಬಾಗಿಲಿಗೆ ಬಿರುಕು ಇದೆ.

ನಿನ್ನ ಅಕ್ಕ,
ಕುಮುದಿನಿ

ತಾ.ಕ.: ಭಾನುವಾರ ಬೆಳಿಗ್ಗೆ. ಲಕೋಟೆ ಅಂಟಿಸಿದ್ದೆ, ಹಬೆ ಹಿಡಿದು ಬಿಚ್ಚಿದೆ. ಸಫಿಯಮ್ಮ ಪುತ್ತೂರಿಗೆ ಹೊರಟಿದ್ದಾಳೆ, ಕಾಗದ ಅವಳ ಕೈಯಲ್ಲೇ ಹೋಗಬೇಕು, ಅವಸರದಲ್ಲಿದ್ದೇನೆ. ಈಗಷ್ಟೆ ಭೂಮಿಯನ್ನು ಮೀಯಿಸಿದೆವು. ದೊಡ್ಡಪ್ಪ ಚಾವಡಿಯಲ್ಲಿ ಕೂತು ನೋಡುತ್ತಿದ್ದರು. ಅವ್ವ ತನ್ನ ಪಾಲಿನ ಎಣ್ಣೆ ಬಿಟ್ಟಳು, ನಾನು ನನ್ನದು ಬಿಟ್ಟೆ. ಗಿಂಡಿಯ ತಳದಲ್ಲಿ ಸ್ವಲ್ಪ ಉಳಿದಿತ್ತು, ಅದನ್ನೂ ಬಿಡಲು ಬಗ್ಗಿದಾಗ ಅವ್ವ ನನ್ನ ಕೈ ಹಿಡಿದಳು. ದೊಡ್ಡಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿ, ‘ಅದು ಉಳೀಲಿ. ಅದು ಬಂದಾಗ ಬಿಡುದಕ್ಕೆ ಬೇಕಲ್ವಾ’ ಎಂದಳು. ದೊಡ್ಡಪ್ಪ ಎದ್ದು ಒಳಗೆ ಹೋದರು. ಚೆನ್ನು, ಮೊದಲನೆಯ ‘ಅದು’ ಎಣ್ಣೆ. ಎರಡನೆಯದು ನೀನು. ಗಿಂಡಿಗೆ ಒಣ ಬಾಳೆಲೆ ಮುಚ್ಚಿ ದೇವರ ಹಲಗೆಯ ಕೆಳಗೆ ಇಟ್ಟಿದ್ದೇನೆ. ಬಸ್ಸು ಬಂತು.